ಮಸುಕು ವಾಸಿಯೋ, ಇಲ್ಲದ ಗೆರೆ ವಾಸಿಯೋ

ಅಡಿಕೆ ಸಸಿಗೆ ನೆರಳು ಮಾಡೋಕೆ ಹಸಿರು ಬಲೆ ಕಟ್ಟಿರುತ್ತಾರಲ್ಲ, ನಮ್ಮ ಚನ್ನಗಿರಿ ಸೀಮೆಯಲ್ಲಿ ಅದನ್ನ ನೋಡದೇ ಇರೋರು ಕಡಿಮೆ. ಒಂದೇ ಪದರ ಇದ್ದಾಗ ಅದು ಬರೀ ಬಲೆ. ಗಾಳಿಗೆ ಮಡಚಿಕೊಂಡು ಒಂದರ ಮೇಲೊಂದು ಎರಡು ಪದರ ಬಂತು ಅನ್ನಿ, ಆಗ ಅದರಲ್ಲಿ ದೊಡ್ಡ ದೊಡ್ಡ ಅಲೆಗಳು ಕಾಣುತ್ತವೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅಲೆಯೂ ಸರಿಯುತ್ತೆ. ಮೇಲಿನ ಬಲೆಯಲ್ಲಿ ಹುಡುಕಿದರೆ ಅಲೆ ಇಲ್ಲ. ಕೆಳಗಿನದರಲ್ಲೂ ಇಲ್ಲ. ಎರಡೂ ಸೇರಿದಾಗ ಮಾತ್ರ ಎರಡರಲ್ಲೂ ಇಲ್ಲದ್ದೊಂದು ಎದ್ದು ನಿಲ್ಲುತ್ತೆ. ಇದಕ್ಕೆ ಮೊಯ್ರೆ ಅಂತ ಹೆಸರು. ಹೆಸರು ಫ್ರೆಂಚಿನದು, ನೀರಿನ ಅಲೆಯಂಥ ಹೊಳಪಿರುವ ಒಂದು ಬಗೆಯ ರೇಷ್ಮೆ ಬಟ್ಟೆಯಿಂದ ಬಂದದ್ದು.

ಡಿಜಿಟಲ್ ಕ್ಯಾಮೆರಾದೊಳಗಿನ ಸೆನ್ಸರ್ ಕೂಡ ಒಂದು ಬಲೆ. 24 ಮೆಗಾಪಿಕ್ಸೆಲ್ ಅಂದರೆ ಒಂದು ಕಡೆ ಸುಮಾರು 6000, ಇನ್ನೊಂದು ಕಡೆ 4000 ಕಣ್ಣುಗಳ ಬಲೆ. ಎದುರಿಗೆ ಮರ, ಮೋಡ, ಮನುಷ್ಯರ ಮುಖ ಬಂದಾಗ ಹೆಚ್ಚು ತಕರಾರಿಲ್ಲ. ಅವುಗಳಲ್ಲಿ ಒಂದೇ ಅಳತೆಯ ಗೆರೆಗಳು ಸಾಲುಗಟ್ಟಿ ನಿಂತಿರಲ್ಲ. ಎದುರಿಗೂ ಒಂದು ಬಲೆ ಬಂದಾಗ ಫಜೀತಿ. ನೇಯ್ದ ಸೀರೆ, ಕಿಟಕಿಯ ಸೊಳ್ಳೆ ಜಾಲರಿ, ದೂರದ ಗೋದಾಮಿನ ತಗಡಿನ ಮಾಡು, ಬೆಳ್ಳಕ್ಕಿಯ ರೆಕ್ಕೆಯ ಗರಿ, ಇವೆಲ್ಲ ಬಲೆಗಳೇ. ಎದುರಿನ ಗೆರೆಗಳು ಸೆನ್ಸರಿನ ಕಣ್ಣಿಗೆ ಮೀರಿ ಒತ್ತಾಗಿದ್ದರೆ ಸೆನ್ಸರ್ ಅವನ್ನ ಎಣಿಸಲಾರದು. ಎಣಿಸೋಕಾಗಲಿಲ್ಲ ಅಂತ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅದು ಸುಮ್ಮನಿರಲ್ಲ. ಸಿಕ್ಕಷ್ಟನ್ನ ಜೋಡಿಸಿ ಬೇರೊಂದು ದಪ್ಪ ಪಟ್ಟೆ ಮಾಡಿ ತೋರಿಸುತ್ತೆ. ಹಳೇ ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತಲ್ಲ, ಅದೂ ಇದೇ ಜಾತಿಯದು. ಸೆಕೆಂಡಿಗೆ 24 ಚಿತ್ರ ಸಾಲದೇ ಹೋದಾಗ ಚಕ್ರ ಸುಳ್ಳು ದಿಕ್ಕು ಹೇಳುತ್ತೆ.

ಇಂಜಿನಿಯರುಗಳು ಇದಕ್ಕೆ ಏಲಿಯಾಸಿಂಗ್ ಅಂತಾರೆ. ಪೇಪರಿನ ಕ್ರೈಂ ಸುದ್ದಿಯಲ್ಲಿ ಆರೋಪಿಯ ಹೆಸರಿನ ಪಕ್ಕ "ಅಲಿಯಾಸ್" ಅಂತ ಇನ್ನೊಂದು ಹೆಸರು ಹಾಕಿರುತ್ತಾರಲ್ಲ, ಅದೇ ಪದ. ಸಣ್ಣ ಗೆರೆ ದಪ್ಪ ಗೆರೆಯ ವೇಷ ಹಾಕಿಕೊಂಡು ಒಳಗೆ ಬಂದುಬಿಡುತ್ತೆ. ಒಳಗೆ ಬಂದಮೇಲೆ ಯಾವುದು ಅಸಲಿ, ಯಾವುದು ವೇಷದ್ದು ಅಂತ ಹೇಳೋಕೆ ಸೆನ್ಸರಿಗೂ ಆಗಲ್ಲ, ಕಂಪ್ಯೂಟರಿಗೂ ಆಗಲ್ಲ. ಒಂದು ಗೆರೆ, ಅದರ ಪಕ್ಕದ ಸಂದು, ಇವೆರಡನ್ನ ಬೇರೆಬೇರೆಯಾಗಿ ಹಿಡಿಯಬೇಕಾದರೆ ಕನಿಷ್ಠ ಎರಡು ಪಿಕ್ಸೆಲ್ ಬೇಕು. ಈ ಲೆಕ್ಕದ ಬೇರು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿದೆ. ಅವರು ತಲೆ ಕೆಡಿಸಿಕೊಂಡಿದ್ದು ತಂತಿಯಲ್ಲಿ ಹೋಗುವ ಸಂಕೇತಗಳ ಬಗ್ಗೆ. ಸೀರೆಯ ಎಳೆಗೂ ಅದೇ ಲೆಕ್ಕ.

ಬಣ್ಣದ ವಿಷಯಕ್ಕೆ ಬಂದರೆ ಇನ್ನೂ ತೊಡಕು. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರೋದು. ಅದರಲ್ಲಿ ಅರ್ಧದಷ್ಟು ಪಿಕ್ಸೆಲ್ ಹಸಿರನ್ನ, ಕಾಲು ಭಾಗ ಕೆಂಪನ್ನ, ಇನ್ನೊಂದು ಕಾಲು ಭಾಗ ನೀಲಿಯನ್ನ ನೋಡುತ್ತೆ. ಉಳಿದದ್ದನ್ನ ಅಕ್ಕಪಕ್ಕದವರನ್ನ ಕೇಳಿ ಊಹೆ ಮಾಡುತ್ತೆ. ಹಾಗಾಗಿ ಕೆಂಪು, ನೀಲಿಯ ಬಲೆಗಳು ಇನ್ನೂ ಜಾಳು. ಬಿಳಿ ಪಂಚೆಯ ಮೇಲೆ ಕಾಮನಬಿಲ್ಲು ಬರೋದು ಇದೇ ಕಾರಣಕ್ಕೆ.

ಇದಕ್ಕೆ ಮದ್ದು ಅಂತ ಸೆನ್ಸರಿನ ಮುಂದೆ ಒಂದು ಫಿಲ್ಟರ್ ಇಟ್ಟರು. ಸ್ಫಟಿಕದ ತೆಳು ಹಾಳೆ ಅದು. ಒಳಗೆ ಬರುವ ಪ್ರತಿ ಕಿರಣವನ್ನ ಮೊದಲ ಹಾಳೆ ಎರಡಾಗಿ ಒಡೆಯುತ್ತೆ, ಇನ್ನೊಂದು ಹಾಳೆ ಆ ಎರಡನ್ನ ನಾಲ್ಕು ಮಾಡುತ್ತೆ. ನಾಲ್ಕೂ ಅಕ್ಕಪಕ್ಕದ ಪಿಕ್ಸೆಲ್‌ಗಳ ಮೇಲೆ ಬೀಳುತ್ತವೆ. ಅಂದರೆ ಬೇಕಂತಲೇ, ಅಳೆದು, ಒಂದು ಪಿಕ್ಸೆಲ್ಲಿನ ಆಸುಪಾಸು ಮಸುಕು ಮಾಡಿದ ಹಾಗೆ. ಅತಿ ಸಣ್ಣ ಗೆರೆಗಳು ಸೆನ್ಸರಿಗೆ ಮುಟ್ಟೋ ಮೊದಲೇ ಕಲಸಿಹೋಗುತ್ತವೆ. ವೇಷ ಹಾಕೋಕೆ ಆಳೇ ಇರಲ್ಲ.

2012ರಲ್ಲಿ ನಿಕಾನ್ ಡಿ800 ಮತ್ತು ಡಿ800ಇ ಅಂತ 36.3 ಮೆಗಾಪಿಕ್ಸೆಲ್ಲಿನ ಎರಡು ಅಣ್ಣತಮ್ಮ ಕ್ಯಾಮೆರಾಗಳನ್ನ ತಂತು. ಡಿ800ಇ ಒಳಗೆ ಮೊದಲ ಹಾಳೆ ಒಡೆದ ಕಿರಣವನ್ನ ಎರಡನೇ ಹಾಳೆ ಮತ್ತೆ ಒಂದುಗೂಡಿಸುತ್ತಿತ್ತು, ಅಂದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಅಮೆರಿಕದಲ್ಲಿ ಅದಕ್ಕೆ ಸುಮಾರು 300 ಡಾಲರ್ ಜಾಸ್ತಿ ಬೆಲೆ. ಇಲ್ಲದಂತೆ ಮಾಡಿದ್ದಕ್ಕೆ ಜಾಸ್ತಿ ದುಡ್ಡು ಕೊಟ್ಟು ಜನ ಕೊಂಡರು. 2013ರ ಡಿ7100ರಲ್ಲಿ ಫಿಲ್ಟರನ್ನೇ ತೆಗೆದುಹಾಕಿದರು. ಪೆಂಟಾಕ್ಸ್, ಸೋನಿ, ಫ್ಯೂಜಿ ಕೂಡ ಅದೇ ಹೊತ್ತಿನಲ್ಲಿ ಇಂಥವನ್ನ ತಂದರು. ಅಲ್ಲಿಂದಾಚೆಗೆ "ಫಿಲ್ಟರ್ ಇಲ್ಲ" ಅನ್ನೋದು ಜಾಹೀರಾತಿನಲ್ಲಿ ಒಂದು ಗುಣವಾಯ್ತು.

ತ್ಯಾವಣಿಗೆಯಲ್ಲಿ ನಮಗೆ ಬೇಕಾದವರ ಹುಡುಗನೊಬ್ಬ ಮದುವೆ ಫೋಟೋ ತೆಗೆಯುವ ಕೆಲಸ ಶುರು ಮಾಡಬೇಕಂತ ಇದ್ದಾನೆ. ಅವನ ಮುಂದೆ ಎರಡು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಒಂದು ಫಿಲ್ಟರ್ ಇರುವ ಡಿ7000, 16 ಮೆಗಾಪಿಕ್ಸೆಲ್‌ದು. ಇನ್ನೊಂದು ಫಿಲ್ಟರ್ ಇಲ್ಲದ ಡಿ7100, 24ರದ್ದು. ಅವನು ಕೇಳಿದ ಪ್ರಶ್ನೆ ಹೀಗಿತ್ತು: "ಇದ್ರಾಗೆ ಫಿಲ್ಟ್ರೇ ಇಲ್ಲ ಅಂದ್ಮೇಲೆ, ಇದ್ದದ್ದು ಇದ್ದಂಗೆ ಬರ್ತೈತಲ್ಲ?"

ಈ ಪ್ರಶ್ನೆ ಕ್ಯಾಮೆರಾದ್ದಷ್ಟೇ ಅಲ್ಲ ಅನ್ನಿಸಿತು. ಅದರಲ್ಲಿ ನಾವೆಲ್ಲ ಒಪ್ಪಿಕೊಂಡು ಕೂತಿರೋ ಒಂದು ನಂಬಿಕೆ ಇದೆ. ನಡುವೆ ಇರೋದನ್ನ ತೆಗೆದುಬಿಟ್ಟರೆ ಉಳಿಯೋದು ಸತ್ಯ ಅನ್ನೋ ನಂಬಿಕೆ. "ನಾನು ಫಿಲ್ಟರ್ ಇಲ್ಲದೆ ಮಾತಾಡೋನಪ್ಪ" ಅಂತ ಎದೆ ತಟ್ಟಿಕೊಳ್ಳೋರೂ ಇದನ್ನೇ ನೆಚ್ಚಿಕೊಂಡಿರೋದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅಂತ ಗಾದೆ ಇದೆ. ಗಾದೆಯಲ್ಲಿ ತಪ್ಪೆಲ್ಲ ಒದ್ದವನದ್ದು. ಹೇಳಿದವನು ಇದ್ದದ್ದನ್ನೇ ಹೇಳಿದ್ದನಾ ಅಂತ ಗಾದೆ ಕೇಳಲ್ಲ.

ಒಂದು ಲೆಕ್ಕ ಹಾಕೋಣ. ಮದುಮಗಳ ಅಜ್ಜಿ ಇಳಕಲ್ ಸೀರೆ ಉಟ್ಟು ನಿಂತಿದ್ದಾರೆ ಅಂದುಕೊಳ್ಳಿ. ಕ್ಯಾಮೆರಾ ಉದ್ದಕ್ಕೆ ಹಿಡಿದು ಅಡಿಯಿಂದ ಮುಡಿವರೆಗೆ ತೆಗೆದರೆ ಆ 6000 ಪಿಕ್ಸೆಲ್ ಸುಮಾರು 2 ಮೀಟರಿಗೆ ಹಂಚಿಹೋಗುತ್ತೆ. ಮಿಲಿಮೀಟರಿಗೆ 3 ಪಿಕ್ಸೆಲ್ ಆಯ್ತು. ಸೀರೆಯಲ್ಲಿ ಸೆಂಟಿಮೀಟರಿಗೆ 20 ಎಳೆ ಅಂತ ಇಟ್ಟುಕೊಂಡರೆ ಒಂದು ಎಳೆಗೆ ಒಂದೂವರೆ ಪಿಕ್ಸೆಲ್. ಬೇಕಾದದ್ದು ಎರಡು. ಸಾಲಲಿಲ್ಲ. ಒಳ್ಳೇ ಲೆನ್ಸ್ ಇದ್ದು ಗುರಿ ಸರಿಯಾಗಿ ಬಿದ್ದಿದ್ದರೆ ಸೆರಗಿನ ಮೇಲೆ ಇಲ್ಲದ ಅಲೆ ಏಳೋ ಜಾಗ ಇದೇ. ಹತ್ತಿರ ಹೋಗಿ ಸೊಂಟದಿಂದ ಮೇಲಕ್ಕೆ ತೆಗೆದರೆ ಎಳೆಗೆ 3 ಪಿಕ್ಸೆಲ್ ಸಿಗುತ್ತೆ. ಆಕಾರ ಉಳಿಯುತ್ತೆ, ಬಣ್ಣ ಮಾತ್ರ ಮೋಸ ಮಾಡಬಹುದು. ಇನ್ನೂ ಹತ್ತಿರ, ಎದೆಮಟ್ಟಕ್ಕೆ ತೆಗೆದರೆ 5 ಪಿಕ್ಸೆಲ್, ಅಲ್ಲಿಗೆ ಕ್ಷೇಮ. ದೂರ ಹೋಗಿ ಇಡೀ ಮನೆತನದ ಗುಂಪು ತೆಗೆದರೆ ಲೆನ್ಸಿಗೇ ಎಳೆ ಸಿಗಲ್ಲ, ಅದೂ ಕ್ಷೇಮ. ಅಂದರೆ ಮೋಸ ಆಗೋದು ಏನೂ ಕಾಣದಷ್ಟು ದೂರದಲ್ಲಿ ಅಲ್ಲ, ಎಲ್ಲ ಕಾಣುವಷ್ಟು ಹತ್ತಿರದಲ್ಲೂ ಅಲ್ಲ. ಇನ್ನೇನು ಕಂಡೇಬಿಟ್ಟಿತು ಅನ್ನೋ ಅಂಚಿನಲ್ಲಿ. ಮನುಷ್ಯರಿಗೂ ಹೀಗೇ ಅಲ್ಲವೇ? ಪೂರಾ ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರ್ತೀವಿ. ಅರ್ಧ ಗೊತ್ತಿರೋ ವಿಷಯದಲ್ಲೇ ನಾವು ಧೈರ್ಯವಾಗಿ ಕಥೆ ಕಟ್ಟೋದು.

ಈಗ ಎರಡು ತಪ್ಪುಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಫಿಲ್ಟರ್ ಇರುವ ಕ್ಯಾಮೆರಾ ಎಲ್ಲ ಫೋಟೋದಿಂದಲೂ ಒಂದಿಷ್ಟು ಕಿತ್ತುಕೊಳ್ಳುತ್ತೆ. ಫಿಲ್ಟರ್ ಇಲ್ಲದ್ದು ಬಹಳಷ್ಟು ಫೋಟೋಗಳಲ್ಲಿ ಏನೂ ಕಿತ್ತುಕೊಳ್ಳಲ್ಲ, ಆದರೆ ಒಮ್ಮೊಮ್ಮೆ ಇಲ್ಲದ್ದನ್ನ ಸೇರಿಸುತ್ತೆ. ಕಳೆಯೋದು ದೊಡ್ಡ ತಪ್ಪೋ, ಸೇರಿಸೋದು ದೊಡ್ಡ ತಪ್ಪೋ?

ಸಂಜೆ ಕತ್ತಲಲ್ಲಿ ಭದ್ರಾ ನಾಲೆ ಏರಿ ಮೇಲೆ ಯಾರೋ ಹೋದರು, ಬೆಳಗ್ಗೆ ನೋಡಿದರೆ ಪಂಪ್‌ಸೆಟ್ಟಿನ ವೈರು ಕಳುವಾಗಿದೆ ಅಂದುಕೊಳ್ಳಿ. ನೋಡಿದವರು ಇಬ್ಬರು. ಒಬ್ಬ ಹೇಳ್ತಾನೆ, "ಯಾರೋ ಹೋದಂಗಾತು, ಯಾರಂತ ತಿಳೀಲಿಲ್ಲ." ಇನ್ನೊಬ್ಬನಿಗೂ ಕಂಡಿದ್ದು ಅಷ್ಟೇ, ಆದರೆ ಅವನು ಹೆಸರು ಹೇಳ್ತಾನೆ, ಅಂಗಿಯ ಬಣ್ಣವನ್ನೂ ಹೇಳ್ತಾನೆ. ಅವನು ಬೇಕಂತ ಸುಳ್ಳು ಹೇಳ್ತಿಲ್ಲ. ಕಂಡ ಎರಡು ಗೆರೆಯನ್ನ ಜೋಡಿಸಿದಾಗ ಅವನಿಗೆ ಹಾಗೆ ಕಂಡಿದೆ. ಪಂಚಾಯ್ತಿ ಕಟ್ಟೆಯಲ್ಲಿ ಯಾರ ಮಾತಿಗೆ ಬೆಲೆ? ಸ್ಪಷ್ಟವಾಗಿ ಹೇಳಿದವನಿಗೆ. ಸ್ಪಷ್ಟತೆಗೂ ಸತ್ಯಕ್ಕೂ ನಾವು ಗಂಟು ಹಾಕಿಬಿಟ್ಟಿದ್ದೀವಿ. ಮೊದಲನೆಯವನ ಮಾತಿನಿಂದ ಕಳ್ಳ ಸಿಗದೇ ಹೋಗಬಹುದು. ಎರಡನೆಯವನ ಮಾತಿನಿಂದ ಕಳ್ಳನಲ್ಲದ ಒಬ್ಬ ಸಿಕ್ಕಿಬೀಳಬಹುದು.

ಮಸುಕಿಗೆ ಒಂದು ಒಳ್ಳೇ ಗುಣ ಇದೆ. ಅದು ಮಸುಕಾಗಿಯೇ ಕಾಣುತ್ತೆ. ನೋಡಿದವರು ಇಲ್ಲಿ ಏನೋ ಸರಿಯಾಗಿ ಬಂದಿಲ್ಲ ಅಂತ ತಿಳಿದುಕೊಳ್ತಾರೆ. ಇಲ್ಲದ ಗೆರೆ ಹಾಗಲ್ಲ. ಅಸಲಿ ಗೆರೆಯಷ್ಟೇ ಚೂಪಾಗಿ, ಅಷ್ಟೇ ನಂಬಿಕೆಯಿಂದ ಬಂದು ಕೂರುತ್ತೆ. ತಾಂತ್ರಿಕವಾಗಿಯೂ ಇಬ್ಬರ ಹಣೆಬರಹ ಬೇರೆ. ಫಿಲ್ಟರಿನಿಂದ ಆದ ಮಸುಕನ್ನ ಆಮೇಲೆ ಕಂಪ್ಯೂಟರಿನಲ್ಲಿ ಶಾರ್ಪನ್ ಮಾಡಿ ಸುಮಾರು ಮಟ್ಟಿಗೆ ವಾಪಸ್ ತರಬಹುದು. ಏಲಿಯಾಸಿಂಗ್ ಆದದ್ದನ್ನ ತರೋಕಾಗಲ್ಲ, ಅಸಲಿಯೂ ನಕಲಿಯೂ ಒಂದೇ ಅಂಕಿಯೊಳಗೆ ಕಲಸಿಹೋಗಿವೆ. ಬಣ್ಣದ ಮೊಯ್ರೆ ಮೇಲೆ ಸಾಫ್ಟ್‌ವೇರ್ ಬ್ರಶ್ ಎಳೆದು ಕಾಮನಬಿಲ್ಲು ಅಳಿಸಬಹುದು, ಅಷ್ಟು ಮಾಡಿದರೂ ಕೆಳಗಿದ್ದ ಸೀರೆಯ ನೇಯ್ಗೆ ತಿರುಗಿ ಬರಲ್ಲ.

ಇಷ್ಟು ಹೇಳಿದಮೇಲೆ ಫಿಲ್ಟರ್ ಇರೋದೇ ಧರ್ಮ ಅಂತ ತೀರ್ಪು ಕೊಡಬಹುದು. ಅಷ್ಟು ಸಲೀಸಾಗಿಲ್ಲ. ಆ ಕಡೆಯವರ ಮಾತಿನಲ್ಲೂ ನ್ಯಾಯ ಇದೆ. ಫಿಲ್ಟರ್ ಕಾರ್ಖಾನೆಯಲ್ಲಿ ಕೂತವರು ಮಾಡಿದ ತೀರ್ಮಾನ. ಅವರು ನಿಮ್ಮ ಎದುರಿನ ದೃಶ್ಯ ನೋಡಿಲ್ಲ. ಎಲ್ಲೋ ಯಾರೋ ಸೀರೆಯ ಫೋಟೋ ತೆಗೆದಾಗ ಮೋಸ ಆದೀತು ಅಂತ, ಹಲಸಿನ ಮರದ ತೊಗಟೆ, ಶಾಂತಿಸಾಗರದ ದಡದ ಕಲ್ಲು, ಗದ್ದೆ ನಾಟಿ ಮಾಡೋರ ಅಂಗೈಯ ಗೆರೆ, ಇವೆಲ್ಲವೂ ಒಂದೊಂದು ಪದರ ಕಳೆದುಕೊಳ್ಳಬೇಕು. ಯಾರದೋ ತಪ್ಪಿಗೆ ಇಡೀ ಓಣಿಗೆ ದಂಡ ಹಾಕಿದಂತೆ. ಎಲ್ಲಿ ತಪ್ಪಾಗುತ್ತೋ ಅಂತ ಹೆದರಿ ಎಲ್ಲವನ್ನೂ ಮೆತ್ತಗೆ ಮಾಡಿ ಹೇಳೋರು ನಮ್ಮ ನಡುವೆ ಇಲ್ಲವಾ? "ಹಾಗೂ ಇರಬಹುದು, ಹೀಗೂ ಇರಬಹುದು" ಅನ್ನೋರು. ಅವರಿಂದ ಯಾರಿಗೂ ಗಾಯ ಆಗಲ್ಲ, ಯಾರಿಗೂ ಏನೂ ತಿಳಿಯೋದೂ ಇಲ್ಲ. ಕಂಡದ್ದನ್ನ ಕಂಡಿಲ್ಲ ಅನ್ನೋದೂ ಸುಳ್ಳೇ.

ಪ್ರಕೃತಿ ಏನು ಮಾಡಿದೆ ನೋಡಿ. ನಮ್ಮ ಕಣ್ಣಿನ ಮುಂದಿನ ಲೆನ್ಸು ಹಿಡಿಯಬಲ್ಲ ಸೂಕ್ಷ್ಮತೆ, ಹಿಂದಿನ ಅಕ್ಷಿಪಟಲದ ನಟ್ಟನಡುವಿನ ಕೋಶಗಳು ಎಣಿಸಬಲ್ಲ ಸೂಕ್ಷ್ಮತೆ, ಇವೆರಡೂ ಹೆಚ್ಚೂಕಮ್ಮಿ ಒಂದಕ್ಕೊಂದು ಸರಿಹೊಂದುತ್ತವೆ. ಕಣ್ಣು ತಾನು ಎಣಿಸಲಾರದಷ್ಟು ಸಣ್ಣದ್ದನ್ನ ಒಳಗೇ ಬಿಟ್ಟುಕೊಳ್ಳಲ್ಲ. ಹೆಚ್ಚು ನೋಡೋದಕ್ಕಿಂತ, ನೋಡಿದಷ್ಟನ್ನ ನಂಬುವಂತಿರೋದು ಅದಕ್ಕೆ ಮುಖ್ಯವಾದಂತಿದೆ.

ಹಾಗಾದರೆ ಫಿಲ್ಟರ್ ಇಲ್ಲದ ಕ್ಯಾಮೆರಾ ಕೊಳ್ಳಬಾರದಾ? ಕೊಳ್ಳಬಹುದು. ಆದರೆ ಏನನ್ನ ಕೊಂಡ್ವಿ ಅಂತ ಗೊತ್ತಿರಬೇಕು. ನಿಜವನ್ನ ಕೊಂಡಿಲ್ಲ, ಫಿಲ್ಟರ್ ಮಾಡುತ್ತಿದ್ದ ಕೆಲಸವನ್ನ ಕೊಂಡಿದ್ದೀವಿ. ಯಂತ್ರದ ಹೆಗಲ ಮೇಲಿದ್ದ ಜವಾಬ್ದಾರಿ ನಮ್ಮ ಹೆಗಲಿಗೆ ಬಂತು. 2013ರಲ್ಲೇ ಬಂದ ಪೆಂಟಾಕ್ಸ್ ಕೆ-3 ಇದನ್ನ ಚೆನ್ನಾಗಿ ತೋರಿಸಿತು. ಅದರಲ್ಲಿ ಫಿಲ್ಟರ್ ಇಲ್ಲ, ಆದರೆ ಬೇಕಂದಾಗ ಫೋಟೋ ತೆಗೆಯುವ ಕ್ಷಣದಲ್ಲಿ ಸೆನ್ಸರನ್ನೇ ಕೂದಲೆಳೆಗಿಂತ ಕಮ್ಮಿ ಅಲುಗಾಡಿಸಿ ಅದೇ ಮಸುಕನ್ನ ತರಬಹುದು. ಬೇಡ ಅಂದರೆ ಬಿಡಬಹುದು. ಕಾರ್ಖಾನೆಯಲ್ಲಿದ್ದ ತೀರ್ಮಾನ ಬೆರಳಿನ ತುದಿಗೆ ಬಂತು. ಈಗ ಎದುರಿಗೆ ಏನಿದೆ ಅಂತ ನೋಡಿ ಯೋಚಿಸಬೇಕಾದೋನು ನೀನೇ.

ತ್ಯಾವಣಿಗೆ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ. ನೀನು ತೆಗೆಯೋದು ಮದುವೆ. ಮದುವೆ ಅಂದರೆ ಅರ್ಧ ಬಟ್ಟೆ. ಮೊಳಕಾಲ್ಮೂರು ರೇಷ್ಮೆ, ಇಳಕಲ್ ಸೀರೆ, ಬಿಳಿ ಪಂಚೆ, ಸಣ್ಣ ಚೌಕಳಿ ಅಂಗಿ, ಎಲ್ಲ ಬಲೆಗಳೇ. ಡಿ7100 ತಗೊಂಡರೆ ನಾಕು ಕೆಲಸ ನಿನ್ನ ಮೇಲೆ ಬರುತ್ತೆ. ತೆಗೆದ ಫೋಟೋವನ್ನ ಸ್ಥಳದಲ್ಲೇ ಪೂರ್ತಿ ದೊಡ್ಡದು ಮಾಡಿ ಸೆರಗನ್ನ ನೋಡಬೇಕು. ಸಣ್ಣ ಪರದೆಯಲ್ಲಿ ಕುಗ್ಗಿಸಿ ನೋಡಿದರೆ ಪರದೆಯೇ ಇನ್ನೊಂದು ಬಲೆಯಾಗಿ ಬೇರೆ ಮೋಸ ಮಾಡುತ್ತೆ. ಅಲೆ ಕಂಡರೆ ಎರಡು ಹೆಜ್ಜೆ ಹಿಂದೆ ಇಲ್ಲಾ ಮುಂದೆ ಹೋಗಿ ಮತ್ತೆ ತೆಗೀಬೇಕು. ಬೆಳಕು ಸಾಕಷ್ಟಿದ್ದರೆ ಅಪರ್ಚರನ್ನ 11ಕ್ಕೋ 16ಕ್ಕೋ ಇಳಿಸಬೇಕು; ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ತಾನೇ ಹರಡಿಕೊಂಡು ಫಿಲ್ಟರಿನ ಕೆಲಸ ಮಾಡುತ್ತೆ. ಕೊನೆಯದು, ಸೀರೆಯ ನಿಜವಾದ ಬಣ್ಣ ಯಾವುದು ಅಂತ ನಿನ್ನ ಕಣ್ಣಲ್ಲಿ ನೋಡಿ ನೆನಪಿಟ್ಟುಕೊಳ್ಳಬೇಕು. ಇವನ್ನ ಮಾಡೋ ತಾಳ್ಮೆ ಇದ್ದರೆ ತಗೋ. ಮುಹೂರ್ತದ ಗಡಿಬಿಡಿಯಲ್ಲಿ ಆಗಲ್ಲ ಅನ್ನಿಸಿದರೆ ಡಿ7000 ಸಾಕು, ಅದರಲ್ಲಿ ನಾಚಿಕೆಪಡೋದು ಏನೂ ಇಲ್ಲ. ಅಡಿಕೆ ಸಿಪ್ಪೆ, ತೆನೆ, ಮುಖದ ಸುಕ್ಕು ಇವನ್ನೇ ಹೆಚ್ಚು ತೆಗೆಯೋನಾಗಿದ್ದರೆ ನಾನೇ ಕಣ್ಣುಮುಚ್ಚಿ ಫಿಲ್ಟರ್ ಇಲ್ಲದ್ದನ್ನ ತಗೋ ಅಂತಿದ್ದೆ.

ಸೀರೆ ಅಂದರೆ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಮದುವೆಮನೆಯಲ್ಲಿ ಇವತ್ತು ಸೀರೆಯೂ ಇದೆ, ಉಟ್ಟವರೂ ಇದ್ದಾರೆ. ಫೋಟೋದಲ್ಲಿ ತಪ್ಪಿದ್ದರೆ ಎಲ್ಲರೂ ನಕ್ಕು ಸುಮ್ಮನಾಗ್ತಾರೆ, ಪಕ್ಕದಲ್ಲಿ ಅಸಲಿ ಇದೆಯಲ್ಲ. ಮೂವತ್ತು ವರ್ಷ ಕಳೆದಮೇಲೆ ಅಜ್ಜಿ ಇರಲ್ಲ, ಸೀರೆ ಇರೋದೂ ಅನುಮಾನ. ಆಲ್ಬಂ ಮಾತ್ರ ಇರುತ್ತೆ. ಆಗ ಹುಟ್ಟಿದ ಮಗು ನೋಡಿ "ಅಜ್ಜಿ ಸೀರೇಲಿ ಅಲೆ ಅಲೆ ಬಣ್ಣ ಇತ್ತಾ?" ಅಂತ ಕೇಳಿದರೆ ಇಲ್ಲ ಅನ್ನೋಕೆ ಯಾರೂ ಉಳಿದಿರಲ್ಲ. ಫೋಟೋ ತೆಗೆಯೋನು ಕೆಲಸ ಮಾಡೋದು ಇವತ್ತಿನ ಗಿರಾಕಿಗೆ; ಅವನ ಮಾತನ್ನ ನಂಬಬೇಕಾಗಿರೋದು ಪರೀಕ್ಷೆ ಮಾಡೋಕೆ ದಾರಿಯೇ ಇಲ್ಲದ ಆ ಮಗು. ನಮ್ಮನ್ನ ತಿದ್ದಬಲ್ಲವರ ಮುಂದೆ ಧೈರ್ಯವಾಗಿ ಊಹೆ ಮಾಡಬಹುದು. ತಿದ್ದಲಾರದವರ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು.

ಈ ಬಿಗಿಯನ್ನ ನಮ್ಮ ಕಡೆಯ ಶಾಸನ ಓದಿದವರಲ್ಲಿ ನೋಡಬಹುದು. ಚನ್ನಗಿರಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೆ ಶಿವಮೊಗ್ಗಕ್ಕೆ ಸೇರಿತ್ತು. ಹಾಗಾಗಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಈ ತಾಲ್ಲೂಕಿನ ಶಾಸನಗಳು ಶಿವಮೊಗ್ಗ ಜಿಲ್ಲೆಯ ಮೊದಲ ಭಾಗವಾದ 7ನೇ ಸಂಪುಟದಲ್ಲಿವೆ. ಇಂಥ ಶಾಸನ ಪುಸ್ತಕಗಳನ್ನ ತೆರೆದರೆ ಸಾಲಿನ ನಡುನಡುವೆ ಚುಕ್ಕಿಗಳು ಸಿಗುತ್ತವೆ. ಕಲ್ಲು ಸವೆದು ಅಕ್ಷರ ಕಾಣದ ಜಾಗ ಅದು. ಓದಿದವರಿಗೆ ಆ ಜಾಗದಲ್ಲಿ ಯಾವ ಪದ ಇದ್ದಿರಬಹುದು ಅಂತ ಅಂದಾಜು ಇರಲಿಲ್ಲ ಅಂತಲ್ಲ, ನೂರಾರು ಶಾಸನ ಓದಿದ ಕಣ್ಣು ಅದು. ಆದರೂ ಚುಕ್ಕಿ ಇಟ್ಟರು. ಚುಕ್ಕಿ ಇರೋದರಿಂದಲೇ ಇವತ್ತು ಯಾರಾದರೂ ಆ ಊರಿಗೆ ಹೋಗಿ, ಕಲ್ಲಿಗೆ ನೀರು ಹಾಕಿ ತೊಳೆದು, ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿ, ಇಲ್ಲೇನಿತ್ತು ಅಂತ ಇನ್ನೊಮ್ಮೆ ಹುಡುಕಬಹುದು. ಚುಕ್ಕಿಯ ಜಾಗದಲ್ಲಿ ಚೆಂದದ ಅಕ್ಷರ ಕೂರಿಸಿಬಿಟ್ಟಿದ್ದರೆ ಯಾರೂ ಆ ಕಲ್ಲಿನ ಹತ್ತಿರ ತಿರುಗಿ ಹೋಗುತ್ತಿರಲಿಲ್ಲ.